ಕೆನೆಕಲ್ಲಿನ ಟೀ ಕಲೆ

ಕಲ್ಲಿನ ಮೇಲೆ ಬಿದ್ದ ಕಲೆ ತೆಗೆಯುವುದು ನನ್ನ ಕೆಲಸ. ಎಣ್ಣೆಗೆ ಒಂದು ಲೇಪ, ತುಕ್ಕಿಗೆ ಒಂದು, ಟೀ ಕಾಫಿಗೆ ಇನ್ನೊಂದು. ಹನ್ನೊಂದು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ನನ್ನ ಅಂಗೈ ಚರ್ಮ ಎಷ್ಟು ಸಲ ಸುಲಿದು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಹೆಬ್ಬೆರಳಿನ ಗೆರೆ ಸವೆದು ಹೋಗಿದೆ. ಬೆರಳೊತ್ತು ಎನ್ನುವ ಯಾವ ಯಂತ್ರವೂ ನನ್ನನ್ನು ಒಪ್ಪುವುದಿಲ್ಲ. ನಾನು ಮಂಡಿಯೂರದ ದೊಡ್ಡ ಮನೆ ಈ ಊರಲ್ಲಿ ಕಡಿಮೆ. ಆದರೆ ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ. ಅವರ ಫೋನಿನಲ್ಲಿ ನಾನು 'ಕಲೆಯವಳು'.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಕೇಳಿದ್ದರೆ, ಯಾರ ಹೆಂಡತಿ ಎಂದು ಕೇಳಿದ್ದರೆ, ಅವರು ನನ್ನನ್ನು ಆ ಮನೆಗೆ ಕರೆಯುತ್ತಲೇ ಇರಲಿಲ್ಲ.

ನನ್ನ ಗಂಡ ಕಲ್ಲು ಹಾಸುವವನು. ನೆಲ ಮಟ್ಟವಾಗಿದೆಯೋ ಇಲ್ಲವೋ ನೋಡಲು ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ರಸಮಟ್ಟ ಇಡುತ್ತಾರಲ್ಲ, ಅವನಿಗೆ ಅದು ಬೇಕಿರಲಿಲ್ಲ. ಬರಿಗಾಲಲ್ಲಿ ಒಂದು ಸುತ್ತು ನಡೆದು, ಇಲ್ಲಿ ಕೂದಲೆಳೆಯಷ್ಟು ಎದ್ದಿದೆ ಎನ್ನುತ್ತಿದ್ದ. ಆಮೇಲೆ ರಸಮಟ್ಟ ಇಟ್ಟು ನೋಡಿದರೆ ಎದ್ದಿರುತ್ತಿತ್ತು. ಜೊತೆಯವರು ಅವನಿಗೇ ರಸಮಟ್ಟ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ತಟ್ಟೆ ಇಟ್ಟ ಕಡೆಯೂ ನೆಲ ಸವರುತ್ತಿದ್ದ. ಊಟ ಮಾಡೋ ಮಾರಾಯ, ಈ ನೆಲಕ್ಕೆ ಯಾರೂ ಬಿಲ್ಲು ಕೊಡಲ್ಲ ಎಂದು ನಾನು ರೇಗಿಸುತ್ತಿದ್ದೆ.

ಇಪ್ಪತ್ತೆರಡು ದಿನದ ಹಿಂದೆ, ಅವನಿಗೆ ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರ್ ಅವನ ಹೆಣ ತಂದ. ಕುಡಿದು ಓಡುವ ಲಾರಿಯ ಹಿಂಭಾಗದಲ್ಲಿ ನಿಂತಿದ್ದನಂತೆ, ತಿರುವಿನಲ್ಲಿ ರಸ್ತೆಗೆ ಬಿದ್ದನಂತೆ, ಹಿಂದೆ ಬಂದ ಗಾಡಿ ಮೈಮೇಲೆ ಹತ್ತಿತಂತೆ. ಎಲ್ಲ ಅಂತೆ. ಕಂಟ್ರಾಕ್ಟರನ ಹಿಂದೆ ಉದ್ದಣ್ಣ ನಿಂತಿದ್ದ. ಉದ್ದಣ್ಣ ಪಾಲಿಶ್ ಮಷೀನು ಹಿಡಿಯುವವನು, ನನ್ನ ಗಂಡನ ಜೊತೆ ಒಂಬತ್ತು ವರ್ಷ ದುಡಿದವನು. ಅವನ ಎತ್ತರಕ್ಕೆ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಲೇಬೇಕು. ಆ ದಿನ ಹೊರಗೆ ಬಂದ ಮೇಲೂ ತಲೆ ಎತ್ತಲಿಲ್ಲ. ಕಂಟ್ರಾಕ್ಟರ್ ಒಂದು ಕಾಗದ ಚಾಚಿದ. ನಾನು ಓದಲಿಲ್ಲ. ಆ ಹೊತ್ತಿನಲ್ಲಿ ನನ್ನನ್ನೇ ಹೂಳುವ ಕಾಗದ ಕೊಟ್ಟಿದ್ದರೂ ಸಹಿ ಹಾಕುತ್ತಿದ್ದೆ.

ನನ್ನ ಗಂಡ ಕುಡಿಯುತ್ತಿರಲಿಲ್ಲ. ನನ್ನ ಮಾವ ಕುಡಿದು ಚರಂಡಿಗೆ ಬಿದ್ದು ಸತ್ತವನು. ಅತ್ತೆ ಮಗನನ್ನು ಒಂದೇ ಮಾತು ಹೇಳಿ ಬೆಳೆಸಿದಳು: ಏನಾದರೂ ಆಗು, ನಿನ್ನಪ್ಪ ಆಗಬೇಡ. ಅಂಥವಳ ಮುಂದೆ ಮಗನ ಹೆಣ ಇಳಿಸಿದಾಗ ಅಂಗಿಯಿಂದ ಸಾರಾಯಿ ವಾಸನೆ ಗಪ್ಪೆಂದು ಹೊಡೆಯಿತು. ನನಗೂ ಬಂತು. ಅತ್ತೆ ಅಳುತ್ತಿದ್ದವಳು ಅಳು ನಿಲ್ಲಿಸಿದಳು.

ಅವತ್ತಿನಿಂದ ಅವಳಿಗೆ ಒಂದೇ ಕೆಲಸ. ಮಗನ ಅಂಗಿಗಳನ್ನು ಒಂದೊಂದಾಗಿ ತೆಗೆದು ಮೂಗಿಗೆ ಹಿಡಿಯುವುದು. ಅವನ ಚೀಲ ಜಾಲಾಡುವುದು. ಅಟ್ಟದ ಮೇಲೆ, ನೀರಿನ ಡ್ರಮ್ಮಿನ ಹಿಂದೆ ಬಾಟಲಿ ಹುಡುಕುವುದು. ಸಿಗದಿದ್ದರೆ ನನ್ನ ಮೇಲೆ ಸಿಟ್ಟು. ನೀನು ಎಲ್ಲ ತೊಳೆದು ಇಟ್ಟಿದ್ದೀಯ, ಬರೀ ಸೋಪಿನ ವಾಸನೆ ಬರುತ್ತದೆ ಎನ್ನುತ್ತಿದ್ದಳು. ದಿನಾ ಬೆಳಗ್ಗೆ ಟೀ ಲೋಟ ಕೈಗೆ ಕೊಟ್ಟರೆ ಅದೇ ಪ್ರಶ್ನೆ.

"ನಿಜ ಹೇಳು. ಕುಡೀತಿದ್ನಾ? ನನಗೆ ಗೊತ್ತಾಗಬಾರದು ಅಂತ ನೀನು ಮುಚ್ಚಿಟ್ಟಿದ್ಯಾ?"

ಇಲ್ಲ ಅತ್ತೆ ಎನ್ನುತ್ತಿದ್ದೆ. ನಂಬುತ್ತಿರಲಿಲ್ಲ. ಇಪ್ಪತ್ತೆರಡು ದಿನದಲ್ಲಿ ನನ್ನ ನಂಬಿಕೆಗೂ ಗೆದ್ದಲು ಹಿಡಿದಿತ್ತು. ವಾಸನೆ ಬಂದಿದ್ದು ಸುಳ್ಳಲ್ಲವಲ್ಲ. ಗಂಡ ಸತ್ತ ದುಃಖವನ್ನು ಹೇಗೋ ನುಂಗಬಹುದು. ಹದಿಮೂರು ವರ್ಷ ಜೊತೆಗಿದ್ದವನು ನಿನಗೆ ಗೊತ್ತೇ ಇರಲಿಲ್ಲ ಎಂದು ನಾಲ್ಕು ಜನ ಹೇಳುವುದನ್ನು ನುಂಗಲು ಆಗುವುದಿಲ್ಲ.

ಆಗ ಒಬ್ಬ ಮೇಡಂ ಫೋನು ಬಂತು. ಅವಳು ದೊಡ್ಡವರ ಮನೆಯ ಒಳಗನ್ನು ಅಂದಗೊಳಿಸುವವಳು. ಯಾವ ಗೋಡೆಗೆ ಯಾವ ಬಣ್ಣ, ಯಾವ ನೆಲಕ್ಕೆ ಯಾವ ಕಲ್ಲು ಎಂದು ಹೇಳುವುದು ಅವಳ ಕೆಲಸ. ಹಾಲ್‌ನಲ್ಲಿ ಟೀ ಚೆಲ್ಲಿದೆ, ಶನಿವಾರ ಪತ್ರಿಕೆಯವರು ಈ ಹೊಸ ಮನೆಯ ಫೋಟೋ ತೆಗೆಯಲು ಬರುತ್ತಾರೆ, ಅಷ್ಟರೊಳಗೆ ಕಲೆ ಹೋಗಬೇಕು ಎಂದಳು. ಹೋದೆ. ಮನೆಯಲ್ಲಿ ಕೂತರೆ ಅಂಗಿ ಮೂಸುವ ಅತ್ತೆಯನ್ನು ನೋಡುತ್ತ ಕೂರಬೇಕಿತ್ತು.

ಗೇಟಿನವನು ಹಿಂದಿನ ಬಾಗಿಲು ತೋರಿಸಿದ. ಕಟ್ಟುವಾಗ ಮುಂಬಾಗಿಲಿನಿಂದ ಕಲ್ಲು ಹೊರುತ್ತಾರೆ. ಹೊಳಪು ಬಂದ ಮರುದಿನದಿಂದ ಅದೇ ಜನಕ್ಕೆ ಹಿಂಬಾಗಿಲು. ಆರು ಸ್ನಾನದ ಮನೆ ಇರುವ ಮನೆಯಲ್ಲಿ ಕೆಲಸದವರು ಒಂದಕ್ಕೆ ಹೋಗಲು ಕಾಂಪೌಂಡಿನ ಮೂಲೆ ಹುಡುಕಬೇಕು.

ಚಪ್ಪಲಿ ಬಿಟ್ಟು ಹಜಾರಕ್ಕೆ ಕಾಲಿಟ್ಟೆ. ಪೂರ್ತಿ ಕೆನೆಕಲ್ಲು. ಕೆನೆ ಬಣ್ಣದ ಮಾರ್ಬಲ್ಲಿಗೆ ನಾವು ಹಾಗೆನ್ನುತ್ತೇವೆ. ನೆಲ, ಮೆಟ್ಟಿಲು, ಕಿಟಕಿಯ ಕಟ್ಟೆ ಎಲ್ಲ ಅದೇ. ಎದುರು ಗೋಡೆಗೆ ಆಳೆತ್ತರ ಮೀರಿದ ನಾಲ್ಕು ಚಪ್ಪಡಿ. ಒಂದೇ ಬಂಡೆಯಿಂದ ಸಾಲಾಗಿ ಕೊಯ್ದದ್ದು, ಪುಸ್ತಕ ಬಿಡಿಸಿದ ಹಾಗೆ ಎದುರುಬದುರು ಹಚ್ಚಿದ್ದು. ಒಂದರ ಕಂದು ಗೆರೆ ಇನ್ನೊಂದರಲ್ಲಿ ಕನ್ನಡಿ ನೋಡಿದಂತೆ ಮುಂದುವರಿಯುತ್ತಿತ್ತು.

ನಾಲ್ಕು ಹೆಜ್ಜೆ ನಡೆದವಳು ನಿಂತೆ. ಚಪ್ಪಡಿಯಿಂದ ಚಪ್ಪಡಿಗೆ ಹೋಗಿದ್ದು ಕಾಲಿಗೆ ಗೊತ್ತೇ ಆಗಿರಲಿಲ್ಲ. ಸಂದನ್ನು ಹೀಗೆ ಕೂರಿಸುವವನು ನನಗೆ ಗೊತ್ತಿದ್ದಂತೆ ಒಬ್ಬನೇ. ಅವನು ಈ ಮನೆಯಲ್ಲೂ ದುಡಿದಿದ್ದಾನೆ ಅಂದುಕೊಂಡೆ. ಅಷ್ಟೇ, ಬೇರೇನೂ ತೋಚಲಿಲ್ಲ. ಕಂಟ್ರಾಕ್ಟರಿಗೆ ಹತ್ತು ಕಡೆ ಕೆಲಸ ನಡೆಯುತ್ತಿರುತ್ತದೆ.

ಮೆಟ್ಟಿಲ ಮೇಲೆ ಗುಯ್ಯೆನ್ನುತ್ತಿದ್ದ ಪಾಲಿಶ್ ಮಷೀನು ನಿಂತಿತು. ನೋಡಿದರೆ ಉದ್ದಣ್ಣ. ನನ್ನನ್ನು ಕಂಡವನ ಮುಖ ಸುಣ್ಣದಂತಾಯಿತು. ಮತ್ತೆ ಮಷೀನು ಹಾಕಿಕೊಂಡ.

ಮೇಡಂ ಮನೆಯ ಮಾಲೀಕನ ಜೊತೆ ಗೋಡೆಯ ಮುಂದೆ ನಿಂತಿದ್ದಳು. ಪತ್ರಿಕೆಯವರು ಬಂದಾಗ ಏನು ಹೇಳಬೇಕೆಂದು ಅವನಿಗೆ ಪಾಠ ಒಪ್ಪಿಸುತ್ತಿದ್ದಳು. ಈ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳ, ಚಿಪ್ಪು ಕೆಸರು ಬಿದ್ದು ಬಿದ್ದು ಕೋಟಿಗಟ್ಟಲೆ ವರ್ಷಕ್ಕೆ ಕಲ್ಲಾಗಿದೆ. ಸಾವಿರಾರು ವರ್ಷದಿಂದ ದೊರೆಗಳು ಇಂಥದರಲ್ಲಿ ಸ್ನಾನದ ಮನೆ ಕಟ್ಟಿಸಿದ್ದಾರೆ, ಸಿಂಹಾಸನದ ಮೆಟ್ಟಿಲು ಮಾಡಿಸಿದ್ದಾರೆ, ಸಮಾಧಿ ಮಾಡಿಸಿಕೊಂಡಿದ್ದಾರೆ. ಅಚ್ಚ ಬಿಳಿ ಕಲ್ಲು ಆಸ್ಪತ್ರೆಯಂತೆ ತಣ್ಣಗೆ ಕಾಣುತ್ತದೆ, ಕೆನೆ ಬಣ್ಣ ಹಾಗಲ್ಲ, ದೀಪ ಹಾಕಿದರೆ ಬೆಚ್ಚಗೆ ಕಾಣುತ್ತದೆ. ಕೋಣೆ ದೊಡ್ಡದಾಗಿ ಕಾಣುತ್ತದೆ. ಮರಕ್ಕೂ ಹಿತ್ತಾಳೆಗೂ ಹೊಂದುತ್ತದೆ. ಹಜಾರಕ್ಕೆ ಕನ್ನಡಿ ಹೊಳಪು, ಸ್ನಾನದ ಮನೆಗೆ ಕಾಲು ಜಾರದ ಮಂಕು ಹೊಳಪು. ಮಾಲೀಕ ತಲೆಯಾಡಿಸುತ್ತ, ಯಾವ ದೊರೆ ಎಂದು ಕೇಳಿ ಬರೆದುಕೊಂಡ.

ನಾನು ಬಕೆಟ್ಟು ಇಳಿಸುತ್ತ ಎಲ್ಲ ಕೇಳಿಸಿಕೊಂಡೆ. ಕಲ್ಲಿಗೆ ಚರಿತ್ರೆ ಇದೆ. ಚಿಪ್ಪಿಗೂ ಇದೆ. ಬಂಡೆ ಕೊಯ್ಯುವಾಗ ಧೂಳು ಕುಡಿದು ಎದೆ ಒಣಗಿಸಿಕೊಂಡವರಿಗೆ, ಆ ದೊರೆಯ ಸಮಾಧಿಗೆ ಚಪ್ಪಡಿ ಹೊರುವಾಗ ಬೆರಳು ಜಜ್ಜಿಸಿಕೊಂಡವರಿಗೆ ಅವಳ ಪಾಠದಲ್ಲಿ ಅರ್ಧ ಸಾಲೂ ಇರಲಿಲ್ಲ. ನಮ್ಮನ್ನು ಬಿಟ್ಟರೆ ಎಲ್ಲದಕ್ಕೂ ಚರಿತ್ರೆ.

ಕಲೆ ಇದ್ದದ್ದು ಹಜಾರದ ನಡುವೆ. ಊಟದ ತಟ್ಟೆಯಷ್ಟು ಅಗಲ, ಒಂದು ಕಡೆಗೆ ಬಾಲದ ಹಾಗೆ ಸಂದಿನವರೆಗೆ ಹರಿದಿತ್ತು. ಕಂದು ಬಣ್ಣ. ಯಾರೋ ಬಿಸಿನೀರು, ಸೋಪು ಹಾಕಿ ಉಜ್ಜಿ ಕೆಡಿಸಿದ್ದರು. ಈ ಕಲ್ಲಿನ ಗುಣವೇ ಅದು. ಮೇಲೆ ಗಾಜಿನಂತೆ ಹೊಳೆದರೂ ಒಳಗೆ ಬಾಯಾರಿದ ಕಲ್ಲು. ನೀರಿಳಿಯದಂತೆ ತಡೆಯುವ ಸೀಲರ್ ಬಳಿಯುವ ಮೊದಲು ಏನು ಬಿದ್ದರೂ ಕುಡಿದುಬಿಡುತ್ತದೆ. ಕುಡಿದದ್ದನ್ನು ಹೊರಗೆ ಎಳೆಯಲು ಬಿಳಿ ಪುಡಿಗೆ ಔಷಧಿ ಕಲಸಿ ರೊಟ್ಟಿ ಹಿಟ್ಟಿನ ಹದಕ್ಕೆ ಮೆತ್ತಬೇಕು, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಬೇಕು. ಟೀ ಕಲೆಗೆ ಹಾಕುವುದು ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುತ್ತಾರಲ್ಲ, ಅದೇ, ಇನ್ನೂ ಜೋರಿನದು.

ಮೊದಲು ಅಂಚಿನಲ್ಲಿ ನಾಲ್ಕು ಹನಿ ಬಿಟ್ಟೆ. ನೊರೆ ಎದ್ದಿತು.

ಟೀ ನೊರೆ ಏಳುವುದಿಲ್ಲ. ಇನ್ನೊಂದು ಕಡೆ ಬಿಟ್ಟೆ. ಅಲ್ಲೂ ಬಿಳಿ ನೊರೆ, ಸಣ್ಣಗೆ ಚಿಟಚಿಟ ಸದ್ದು. ಬಾಲದ ತುದಿಯ ಸಂದಿಗೆ ಬಿಟ್ಟೆ. ಅಲ್ಲಿ ಅಡಿಯಿಂದ ಉಕ್ಕಿ ಬಂತು. ಹಾಗೆ ನೊರೆ ಏಳುವುದು ರಕ್ತಕ್ಕೆ. ರಕ್ತದ ಕಲೆ ನನಗೆ ಹೊಸದಲ್ಲ. ಬಿದ್ದ ಮಕ್ಕಳ ಮಂಡಿಯದು, ಗಾಜು ತುಳಿದ ಕಾಲಿನದು, ಒಮ್ಮೆ ಒಂದು ಹೆರಿಗೆಯದು, ಎಲ್ಲ ತೆಗೆದಿದ್ದೇನೆ. ಅದಕ್ಕೂ ಇದೇ ಔಷಧಿ ಆಗುತ್ತದೆ. ಆದರೆ ಮಂಡಿ ಒಡೆದರೆ ಇಷ್ಟು ರಕ್ತ ಬರುವುದಿಲ್ಲ.

ಮೇಡಂ ಇದು ಟೀ ಅಲ್ಲ ಎಂದೆ. ಅವಳು ಮಾಲೀಕನ ಕಡೆ ನೋಡಿದಳು. ಏನೋ ಒಂದು ಕೆಲಸದವರದು ಆಗಿತ್ತು, ಅದೆಲ್ಲ ನಿನಗೆ ಯಾಕೆ, ತೆಗೆದುಬಿಡು ಎಂದಳು. ಇಬ್ಬರೂ ಮಹಡಿಗೆ ಹೋದರು.

ಉದ್ದಣ್ಣನ ಮಷೀನು ಮತ್ತೆ ನಿಂತಿತ್ತು. ನಾನು ಕರೆಯಲಿಲ್ಲ. ಅವನೇ ಇಳಿದು ಬಂದು, ಕಲೆಯಿಂದ ನಾಲ್ಕು ಮಾರು ದೂರ ನಿಂತ. ಆ ಚಪ್ಪಡಿಯ ಮೇಲೆ ಕಾಲಿಡಲಿಲ್ಲ. ಅಷ್ಟು ಸಾಕಾಯಿತು ನನಗೆ.

"ಹೇಳಣ್ಣ," ಎಂದೆ. "ನಾನು ಇದನ್ನ ಕೈಯಾರೆ ಉಜ್ಜೋಕೆ ಮೊದಲು ಹೇಳು."

ಅವನು ನೆಲ ನೋಡುತ್ತ ಹೇಳಿದ. ಎಂಟು ಚಪ್ಪಡಿ ಬಂದಿದ್ದವು, ಒಂದೊಂದು ಇನ್ನೂರೈವತ್ತು ಕಿಲೋ. ಅವನ್ನು ಒರಗಿಸುವ ಕಬ್ಬಿಣದ ಸ್ಟ್ಯಾಂಡಿನ ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು. ಈ ಕಡೆಯಿಂದ ಒಂದು ತೆಗೆದರೆ ಆ ಕಡೆಯಿಂದ ಒಂದು ತೆಗೆಯಬೇಕು, ಇಲ್ಲದಿದ್ದರೆ ಭಾರ ಇದ್ದ ಕಡೆಗೆ ವಾಲುತ್ತದೆ. ಕಲ್ಲಿನ ಕೆಲಸಕ್ಕೆ ಬಂದವನಿಗೆ ಮೊದಲ ದಿನ ಹೇಳಿಕೊಡುವುದೇ ಇದನ್ನು. ಆದರೆ ಗೋಡೆಗೆ ಹಚ್ಚುವ ನಾಲ್ಕೂ ಚಪ್ಪಡಿ ಒಂದೇ ಪಕ್ಕದಲ್ಲಿದ್ದವು. ಮಾಲೀಕರು ಬರುವುದರೊಳಗೆ ಆ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ತೋರಿಸಬೇಕು, ಗೆರೆ ಹೇಗೆ ಕೂಡುತ್ತದೆ ನೋಡಬೇಕು ಎಂದು ಮೇಡಂ ಅವಸರ ಮಾಡಿದಳು. ನನ್ನ ಗಂಡ ಆಗಲ್ಲ ಎಂದ. ಎರಡು ಸಲ ಎಂದ. ಧೈರ್ಯ ಇಲ್ಲದಿದ್ದರೆ ಮನೆಗೆ ಹೋಗು, ನಾಳೆಯಿಂದ ಬರಬೇಡ ಎಂದ ಕಂಟ್ರಾಕ್ಟರ್. ನನ್ನ ಗಂಡ ಕಲ್ಲು ಉಳಿಯುವ ಆ ಪಕ್ಕ ಹೋಗಿ ಮರದ ತುಂಡು ಒತ್ತು ಕೊಟ್ಟು ಹಿಡಿದ. ಈ ಪಕ್ಕದ ಮೂರು ತೆಗೆದರು. ನಾಲ್ಕನೆಯದು ಎತ್ತಿದೊಡನೆ ಸ್ಟ್ಯಾಂಡು ಮಗುಚಿತು.

"ನಾಲ್ಕೂ ಅವನ ಮೇಲೇ ಬಿದ್ವು," ಎಂದ ಉದ್ದಣ್ಣ. "ಎರಡು ಒಡೆದು ಹೋದ್ವು. ಉಳಿದ ಎರಡನ್ನ ತೊಳೆದು ಮೇಲಿನ ಬಾತ್‌ರೂಮಿಗೆ ಹಾಕಿದ್ರು. ಹಾಕಿದ್ದು ನಾನೇ ತಂಗಿ."

ಜೀವ ಇತ್ತಾ ಎಂದು ಕೇಳಿದೆ.

"ಅರ್ಧ ಗಂಟೆ ಇತ್ತು. ಆಂಬುಲೆನ್ಸ್ ಬೇಡ, ಪೊಲೀಸ್ ಬರ್ತಾರೆ ಅಂದ ಕಂಟ್ರಾಕ್ಟರ್. ಲಾರಿ ಬರೋತನಕ ತಲೆ ನನ್ನ ತೊಡೆ ಮೇಲಿತ್ತು. 'ನೆಲ ಒಡೀತಾ' ಅಂತ ಕೇಳಿದ. ಇಲ್ಲ ಕಣೋ ಅಂದೆ. ಅಷ್ಟೇ. ದಾರೀಲಿ ಹೋಯ್ತು. ಆಮೇಲೆ ಬಾಟಲಿ ತಂದು ಅಂಗಿ ಮೇಲೆ ಸುರಿದ್ರು."

ನಾನು ಅಳಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಬೆಂಕಿ ಎದ್ದಿತ್ತು. ಹಾಕಿದ್ದ ಔಷಧಿಯನ್ನು ಬಟ್ಟೆಯಿಂದ ಒತ್ತಿ ಒತ್ತಿ ತೆಗೆದೆ. ಬಟ್ಟೆಗೆ ತಿಳಿ ಕಂದು ಹತ್ತಿತು. ಅದನ್ನು ಮಡಿಚಿ ರವಿಕೆಯೊಳಗೆ ಇಟ್ಟುಕೊಂಡೆ. ಡಬ್ಬಿಗಳ ಮುಚ್ಚಳ ಹಾಕಿದೆ. ಕಲೆಯ ಮೇಲೆ ಕಾಲು ಮಡಿಚಿ ಕೂತೆ.

ಮೇಡಂ ಇಳಿದು ಬಂದಳು. ಆಯ್ತಾ ಎಂದಳು. ಇಲ್ಲ ಎಂದೆ. ಹೋಗಲ್ವಾ ಎಂದಳು, ಆತಂಕದಿಂದ.

"ಹೋಗುತ್ತೆ ಮೇಡಂ. ನಾನು ತೆಗೆಯಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಬೇರೆಯವರನ್ನು ಕರೆಸುತ್ತೇನೆ ಎಂದಳು. ಕರೆಸಿ, ನಾನು ಎದ್ದರೆ ತಾನೆ ಎಂದೆ. ಮಾಲೀಕ ಬಂದ. ಏನು ಬೇಕಂತೆ ಇವಳಿಗೆ ಎಂದು ಮೇಡಂ ಹತ್ತಿರ ಕೇಳಿದ, ನಾನು ಎದುರಿಗೆ ಕೂತಿದ್ದರೂ. ಕಂಟ್ರಾಕ್ಟರಿಗೆ ಫೋನು ಹೋಯಿತು. ಹತ್ತು ನಿಮಿಷದಲ್ಲಿ ಅವನು ಓಡಿ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಇವಳನ್ನ ಯಾರು ಕರೆಸಿದ್ದು?" ಎಂದ.

ನಾನೇ, ಯಾಕೆ ಎಂದಳು ಮೇಡಂ. ಅವನ ಹೆಂಡತಿ ಎಂದ ಕಂಟ್ರಾಕ್ಟರ್. ಯಾರ ಹೆಂಡತಿ ಎಂದಳು ಮೇಡಂ. ಆಮೇಲೆ ಅವಳಿಗೆ ತಿಳಿಯಿತು. ಗೋಡೆಗೆ ಕೈಯೂರಿದಳು, ತಾನು ಪಾಠ ಹೇಳಿದ ಅದೇ ಗೋಡೆಗೆ. ರಸ್ತೆಯಲ್ಲಿ ಸತ್ತ ಅಂತಲ್ಲವೇ ಹೇಳಿದ್ದು ಎಂದು ಕಂಟ್ರಾಕ್ಟರನನ್ನು ಕೇಳಿದಳು. ಅವಳ ಕಣ್ಣೆದುರೇ ಬಿದ್ದ ಕಲ್ಲು. ರಕ್ತ ನೋಡಿ ಟೀ ಎಂದ ಬಾಯಿ. ಈಗ ರಸ್ತೆಯ ಮಾತು.

ಕಂಟ್ರಾಕ್ಟರ್ ದನಿ ಇಳಿಸಿದ. ತಂಗಿ ಎಂದ. ಆದದ್ದು ಆಯಿತು, ಎದ್ದೇಳು, ಹೊರಗೆ ಮಾತಾಡೋಣ, ರಸ್ತೆಯಲ್ಲೇ ಸತ್ತ, ದೂರು ಇಲ್ಲ ಎಂದು ನೀನೇ ಸಹಿ ಹಾಕಿದ್ದೀಯ, ಈಗ ತಿರುಗಿ ಬಿದ್ದರೆ ನಿನಗೇ ತೊಂದರೆ ಎಂದ.

"ಸಹಿ ನಂದು," ಎಂದೆ. "ಸುಳ್ಳು ನಿಂದು."

ಇಷ್ಟು ವರ್ಷದಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಬಂದು ನನ್ನ ರಟ್ಟೆ ಹಿಡಿದು ಜಗ್ಗಿದ. ನಾನು ಇನ್ನೊಂದು ಕೈಯಿಂದ ಚೀಲದೊಳಗಿನ ಆಸಿಡ್ ಬಾಟಲಿ ತೆಗೆದು ಹಲ್ಲಿನಿಂದ ಮುಚ್ಚಳ ಕಿತ್ತೆ. ಕೆನೆಕಲ್ಲಿನ ಮೇಲೆ ಆಸಿಡ್ ಬಿದ್ದರೆ ಕಲ್ಲು ಬೆಂದು ಮುಖ ಕೆಟ್ಟು ಹೋಗುತ್ತದೆ, ಯಾವ ಪಾಲಿಶ್ಶಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಂಟ್ರಾಕ್ಟರ್ ಕೈ ಬಿಟ್ಟ. ಮಾಲೀಕ ಬೇಡ ಬೇಡ ಎಂದು ಎರಡೂ ಕೈ ಎತ್ತಿದ. ಮನುಷ್ಯನ ಜೀವ ಹೋಗುವಾಗ ಅರ್ಧ ಗಂಟೆ ಅಲ್ಲಾಡದವರು ನೆಲದ ಹೊಳಪಿಗಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದರು.

ನಾನು ಸುರಿಯುತ್ತಿರಲಿಲ್ಲ. ಅದು ನನ್ನ ಗಂಡ ಹಾಸಿದ ನೆಲ. ನಾನು ಸುರಿಯುವವಳಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

"ಉದ್ದಣ್ಣ, ನಮ್ಮತ್ತೆಗೆ ಫೋನ್ ಮಾಡು. ನನಗೆ ಹೇಳಿದ್ದನ್ನ ಅವರಿಗೆ ಹೇಳು," ಎಂದೆ.

ಉದ್ದಣ್ಣ ಕಂಟ್ರಾಕ್ಟರನನ್ನು ನೋಡಿದ. ಕಂಟ್ರಾಕ್ಟರ್ ಬೆರಳೆತ್ತಿ, ಹುಷಾರ್ ಎಂದ. ಉದ್ದಣ್ಣನಿಗೆ ಐವತ್ತೆರಡು ವರ್ಷ. ಮಷೀನು ಹಿಡಿದು ಹಿಡಿದು ಕೈ ಸುಮ್ಮನಿದ್ದಾಗಲೂ ನಡುಗುತ್ತದೆ. ಈ ಕೆಲಸ ಹೋದರೆ ಇನ್ನೊಂದು ಕೊಡುವವರಿಲ್ಲ. ಇವನೂ ಬಾಯಿಗೆ ಬೀಗ ಹಾಕಿಕೊಂಡ ಎಂದೇ ನಾನು ತಿಳಿದೆ. ಆಮೇಲೆ ನಡುಗುವ ಬೆರಳಲ್ಲೇ ಫೋನು ಒತ್ತಿದ.

"ಅಮ್ಮ, ನಾನು ಉದ್ದ. ನಿಮ್ಮ ಮಗ ಕುಡಿದಿರಲಿಲ್ಲ. ಕೆಲಸದಲ್ಲಿ ಸತ್ತ. ನಾನು ಪಕ್ಕದಲ್ಲೇ ಇದ್ದೆ. ಸುಳ್ಳು ಹೇಳ್ಬಿಟ್ಟೆ ಅಮ್ಮ."

ಎಲ್ಲಿ ಎಂದಳು ಅತ್ತೆ. ಅವನು ವಿಳಾಸ ಹೇಳಿದ.

ಅವಳು ಬಸ್ಸು ಹಿಡಿದು ಬರಲು ಒಂದು ಗಂಟೆ ಆಯಿತು. ಆ ಒಂದು ಗಂಟೆ ನಾನು ಎದ್ದೇಳಲಿಲ್ಲ. ಸೊಂಟ ಸೆಟೆದುಕೊಂಡಿತು, ಕಾಲು ಜೋಮು ಹಿಡಿಯಿತು, ಒಂದಕ್ಕೆ ಬಂದದ್ದನ್ನೂ ತಡೆದುಕೊಂಡೆ. ಮಾಲೀಕ ಬಂದು ಸಮಾಧಾನ ಹೇಳಿದ, ಹೋಗಿ ಬೈದ, ಮತ್ತೆ ಬಂದು ಸಮಾಧಾನ ಹೇಳಿದ. ಇಲ್ಲಿ ಒಂದು ದೊಡ್ಡ ಜಮಖಾನ ಹಾಸಿದರೆ ಫೋಟೋದಲ್ಲಿ ಕಾಣುವುದಿಲ್ಲ ಎಂದು ಮೇಡಂ ಮೆಲ್ಲಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

ಅತ್ತೆ ಮುಂಬಾಗಿಲಿನಿಂದಲೇ ಬಂದಳು. ಗೇಟಿನವನು ಹಿಂದೆ ಹೋಗಿ ಅಂದನಂತೆ, ಅವಳಿಗೆ ಕೇಳಿಸಲೇ ಇಲ್ಲವಂತೆ. ಚಪ್ಪಲಿ ಕಾಲಲ್ಲೇ ನಡೆದು ಬಂದು ಉದ್ದಣ್ಣನ ಮುಂದೆ ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. ಅವನೂ ಹಾಗೇ ಅಂದುಕೊಂಡು ಕೆನ್ನೆ ಬಗ್ಗಿಸಿದ. ಅವಳು ಕೇಳಿದ್ದು ಒಂದೇ.

"ನೀರು ಕೊಟ್ಯಾ?"

"ಕೊಟ್ಟೆ ಅಮ್ಮ. ಒಂದು ಗುಟುಕು ಇಳೀತು."

ಅತ್ತೆ ನನ್ನ ಪಕ್ಕಕ್ಕೆ ಬಂದಳು. ನಾನು ಸ್ವಲ್ಪ ಸರಿದು ಕೊಟ್ಟೆ. ಅವಳು ಕಲೆಯನ್ನು ನೋಡಿದಳು. ಬಗ್ಗಿ, ಅಂಗಿಗಳನ್ನು ಮೂಸುತ್ತಿದ್ದ ಹಾಗೇ, ಕಲ್ಲಿಗೆ ಮೂಗು ಹತ್ತಿಸಿದಳು. ಬರೀ ಸೋಪು, ಔಷಧಿ ವಾಸನೆ ಬಂದಿರಬೇಕು. ಎದ್ದು ಕೂತು ನನ್ನ ಮುಖ ನೋಡಿದಳು. ಇಪ್ಪತ್ತೆರಡು ದಿನ ನಿನ್ನನ್ನು ಕೊಂದೆನಲ್ಲೇ ಎಂದು ನನ್ನ ತಲೆ ಎದೆಗೆ ಒತ್ತಿಕೊಂಡು ಅತ್ತಳು. ಆಗ ನನಗೂ ಅಳು ಬಂತು. ಎಲ್ಲರ ಎದುರಿಗೆ ಬಾಯಿ ಬಿಟ್ಟು ಅತ್ತೆವು. ನಾಚಿಕೆ ಆಗಲಿಲ್ಲ.

ಮಾಲೀಕನ ತಾಳ್ಮೆ ಮುಗಿದಿತ್ತು. ಇದು ನನ್ನ ಮನೆ, ಅತಿಕ್ರಮಣ ಮಾಡಿದ್ದೀರಿ, ಇಬ್ಬರೂ ಎದ್ದು ಹೋಗದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಎಂದು ಫೋನು ತೆಗೆದ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕರೀರಿ," ಎಂದಳು. "ಬೇಗ ಬರೋಕೆ ಹೇಳಿ."

ಅವನ ಕೈ ಹಾಗೇ ನಿಂತಿತು. ಕಂಟ್ರಾಕ್ಟರ್ ಬೇಡ ಎಂದು ಕಣ್ಸನ್ನೆ ಮಾಡಿದ. ಮೇಡಂ ತನ್ನ ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಸರಿದಳು. ಯಾರೂ ಕರೆಯಲಿಲ್ಲ.

ಉದ್ದಣ್ಣ ಬಂದು ನಮ್ಮ ಪಕ್ಕ ನೆಲದ ಮೇಲೆ ಕೂತ. ಆ ಚಪ್ಪಡಿಯ ಮೇಲೆಯೇ ಕೂತ. ಪೊಲೀಸರ ನಂಬರು ಒತ್ತಿ, ಫೋನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕಿವಿಗೆ ಇಟ್ಟ. ಒಂದು ಸಾವು ಆಗಿದೆ, ಬನ್ನಿ ಎಂದ. ಆ ಕಡೆಯವರು ಏನೋ ಕೇಳಿದರು.

"ಅಲ್ಲ ಸಾರ್, ರಸ್ತೇಲಿ ಅಲ್ಲ," ಎಂದ ಉದ್ದಣ್ಣ. "ಮನೆ ಒಳಗೆ. ನಾವು ಅಲ್ಲೇ ಕೂತಿದೀವಿ."